ಶೆಡ್ಡಿನ ಸಂದಿ ಮುಚ್ಚಿದ ವರ್ಷ

ಮೊನ್ನೆ ಸೋಮವಾರ ಈಶ್ವರನ ಗುಡಿಗೆ ಹೋಗಿ ಹಿಂದಿರುಗುವಾಗ ಮಾರ್ಕೆಟ್ ಬೀದಿಯಲ್ಲಿ ಒಬ್ಬಳು ಮರುಗದ ಕಟ್ಟಿಗೆ ನೀರು ಚಿಮುಕಿಸುತ್ತಿದ್ದಳು. ಒದ್ದೆ ಮರುಗದ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಕಾಲು ತನ್ನಷ್ಟಕ್ಕೆ ಎಡಕ್ಕೆ ತಿರುಗಿತು. ನಾಲ್ಕು ಹೆಜ್ಜೆ ಹೋದೆ, ಎದುರಿಗೆ ಗೇಟು. ಗೇಟಿಗೆ ಬೀಗ. ಮದುವೆಯಾಗಿ ಬಂದಾಗಿನಿಂದ ನಡೆದ ದಾರಿಯನ್ನು ತಲೆ ಮರೆತರೂ ಕಾಲು ಮರೆತಿಲ್ಲ. ಹಿಂದೆ ತಿರುಗಿ ದೊಡ್ಡ ರಸ್ತೆ ಹಿಡಿದು ಮನೆ ಸೇರುವ ಹೊತ್ತಿಗೆ ಕಣ್ಣು ತುಂಬಿತ್ತು. ಯಜಮಾನರು ಹೊಲಿಗೆ ಮಿಷನ್ನಿನಿಂದ ತಲೆ ಎತ್ತಿ ನೋಡಿದರು, ಮತ್ತೆ ಹೊಲಿಗೆಗೆ ಬಗ್ಗಿದರು. ಅದೊಂದು ಉಪಕಾರ ಅಂದುಕೊಂಡೆ.

ನಮ್ಮದು ಕೊಳ್ಳೇಗಾಲದ ಹಳೆಯ ಬೀದಿ. ಮುಂದೆ ಅಂಗಡಿ, ಹಿಂದೆ ಮನೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಯಜಮಾನರ ಟೈಲರಿಂಗು, ಪಕ್ಕದಲ್ಲಿ ಹಿಟ್ಟಿನ ಗಿರಣಿ, ಎದುರಿಗೆ ಮಗ್ಗದ ಮನೆ. ಬೀದಿಯ ಹಿಂದೆ ಯಾವಾಗಲೋ ನಿಂತುಹೋದ ರೇಷ್ಮೆ ನೂಲು ತೆಗೆಯುವ ಶೆಡ್ಡು. ಆ ಶೆಡ್ಡಿನ ಗೋಡೆಗೂ ಪಕ್ಕದ ಕಾಂಪೌಂಡಿಗೂ ನಡುವೆ ಒಂದು ಸಂದಿ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು, ಅಷ್ಟೇ ಅಗಲ. ಆದರೆ ಅದರಲ್ಲಿ ಹೊಕ್ಕು ಹೊರಬಂದರೆ ಮಾರ್ಕೆಟ್ಟು, ಗುಡಿ, ಆಸ್ಪತ್ರೆ ಎಲ್ಲ ಅಲ್ಲೇ. ಒಲೆಯ ಮೇಲೆ ಬೇಳೆ ಇಟ್ಟು ಹೋಗಿ ಸೊಪ್ಪು ತಂದು, ಬೇಳೆ ಬೇಯುವುದರೊಳಗೆ ಬಿಡಿಸಿ ಹಾಕುತ್ತಿದ್ದೆ. ಸಂದಿ ಬಿಟ್ಟರೆ ದೊಡ್ಡ ರಸ್ತೆಯ ಸುತ್ತು. ಮಲೆ ಮಾದಪ್ಪನ ಬೆಟ್ಟದ ಬಸ್ಸು, ಕಲ್ಲಿನ ಲಾರಿ, ಕಬ್ಬಿನ ಟ್ರ್ಯಾಕ್ಟರು ಎಲ್ಲವೂ ಅಲ್ಲೇ ಓಡುತ್ತವೆ. ನಡೆಯುವವರಿಗೆ ಅಂತ ಇರುವುದು ಚರಂಡಿಯ ಮೇಲಿನ ಒಡಕು ಕಲ್ಲುಗಳು ಮಾತ್ರ.

ಆ ಸಂದಿ ನಮಗೆಲ್ಲ ಅನುಕೂಲ. ಪುಟ್ಟತಾಯಿಗೆ ಮಾತ್ರ ಅದೇ ಜೀವನ. ಅವಳು ಹೂಗ್ಯಂ ಕಡೆಯವಳು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ನಮ್ಮ ಮನೆಗೆ ಅಂಟಿಕೊಂಡ ಒಂಟಿ ಕೋಣೆಯಲ್ಲಿ ಇದ್ದಳು. ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಕೂತು ಮರುಗ ಸೇರಿಸಿ ಹೂ ಕಟ್ಟಿ, ಬುಟ್ಟಿಯನ್ನು ಸೊಂಟಕ್ಕೆ ಆನಿಸಿ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಸಂದಿಯಲ್ಲಿ ಹೋಗಿ, ಆ ತುದಿಯ ಚಪ್ಪಡಿಯ ಮೇಲೆ ಕೂರುವಳು. ಗುಡಿಗೆ ಹೋಗುವವರೆಲ್ಲ ಅವಳ ಮುಂದೆಯೇ ಹಾಯಬೇಕು. ಹಬ್ಬಕ್ಕೆ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರೂ ಬಿಸಿಲು ತಪ್ಪಿಸಲು ಅದೇ ಸಂದಿ ಹಿಡಿಯುತ್ತಿದ್ದರು. "ನಾನು ಊರ್ ಸುತ್ತಕ್ ಆಗಕಿಲ್ಲ, ಅದ್ಕೇ ಊರೇ ನನ್ ಮುಂದ್ಗಡೆ ಸುತ್ತುತದ ಕನಕ್ಕ" ಅಂತ ನಗುತ್ತಿದ್ದಳು.

ಆ ವರ್ಷ ಶಿವರಾತ್ರಿಗೆ ತಿಂಗಳಿರುವಾಗ ಶೆಡ್ಡು ಮಾರಾಟವಾಯಿತು ಅಂತ ಸುದ್ದಿ ಬಂತು. ಕೊಂಡವರು ಹೊನ್ನೂರಿನ ಶಿವಮಲ್ಲಪ್ಪನವರು. ಹೊನ್ನೂರು ನನ್ನ ತವರು. ಅವರ ಗದ್ದೆಯ ಬದಿಯಲ್ಲೇ ನಮ್ಮಪ್ಪನ ತೆಂಗಿನ ತೋಟ. ನಾನು ಅವರನ್ನು ಅಣ್ಣ ಅಂತಲೇ ಕರೆದು ಬೆಳೆದವಳು. ಶೆಡ್ಡು ಕೆಡವಿ ಕೆಳಗೆ ಅಂಗಡಿ, ಮೇಲೆ ಮನೆಗಳ ಕಟ್ಟಡ ಎಬ್ಬಿಸುತ್ತಾರೆ, ಸುತ್ತಲೂ ಕಾಂಪೌಂಡು ಹಾಕುತ್ತಾರೆ ಅಂದರು. ಪ್ಲಾನು ಪಾಸು ಮಾಡುವ ಆಫೀಸಿನಿಂದ ತಕರಾರಿದ್ದರೆ ಹೇಳಿ ಅಂತ ನೋಟೀಸು ಅಂಟಿಸಿದರು. ಬೀದಿಯವರು ಓದಿ ಸುಮ್ಮನಾದರು. ನಾನು ಮಾತ್ರ ಯಜಮಾನರ ಕೈಲಿ ಅರ್ಜಿ ಬರೆಸಿ, ಸಂದಿ ಉಳಿಸಿಕೊಡಬೇಕು ಅಂತ ಸಹಿ ಹಾಕಿ ಕೊಟ್ಟೆ. ಪುಟ್ಟತಾಯಿ ನನ್ನ ಸಹಿಯ ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಆಫೀಸಿನಲ್ಲಿ ಒಬ್ಬರು ಇಂಜಿನಿಯರಮ್ಮ ಇದ್ದರು. ಚಿಕ್ಕ ವಯಸ್ಸು, ದೊಡ್ಡ ತಾಳ್ಮೆ. ನಮ್ಮಿಬ್ಬರನ್ನೂ ಶಿವಮಲ್ಲಪ್ಪಣ್ಣನನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ನಕ್ಷೆ ಹರವಿದರು.

"ನೋಡಿ ಅಮ್ಮಾ, ಮನೆ, ಅಂಗಡಿ, ಗುಡಿ, ಆಸ್ಪತ್ರೆ ಎಲ್ಲಾ ನಡೆದು ಹೋಗೋ ದೂರದಲ್ಲಿ ಇರಬೇಕು, ಜನ ಗಾಡಿ ಇಲ್ಲದೇನೂ ಬದುಕಬೇಕು ಅನ್ನೋದೇ ಈಗ ಊರಿನ ಪ್ಲಾನು" ಅಂದರು.

ಪುಟ್ಟತಾಯಿ ನನ್ನ ಕಿವಿಯಲ್ಲಿ, "ನಾವು ಓದ್ದೇನೇ ಅಂಗೇ ಬದುಕ್ತಿದ್ದೋ. ಇವ್ರು ಓದಿ ಕಂಡ್ ಇಡುದವ್ರೆ" ಅಂದಳು. ಇಂಜಿನಿಯರಮ್ಮನಿಗೂ ಕೇಳಿಸಿ ನಕ್ಕುಬಿಟ್ಟರು. ಆಮೇಲೆ ಶಿವಮಲ್ಲಪ್ಪಣ್ಣನ ಕಡೆ ತಿರುಗಿದರು. "ಸಂದಿನ ಸ್ವಲ್ಪ ಅಗಲ ಮಾಡಿ, ಊರಿನ ದಾರಿ ಅಂತ ಬರೆದುಕೊಟ್ಟುಬಿಡಿ. ಅದಕ್ಕೆ ಬದಲಾಗಿ ಕಾರು ನಿಲ್ಲಿಸೋ ಜಾಗ ಕಮ್ಮಿ ಇದ್ದರೂ ಒಪ್ಪಿಕೊಳ್ಳೋಣ. ಮೇಲೊಂದು ಮಹಡಿಗೂ ನಾನೇ ಶಿಫಾರಸು ಮಾಡ್ತೀನಿ."

ಅಣ್ಣ ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಮಹಡಿ ನನ್ಗೆ ಬ್ಯಾಡ ಮೇಡಂ. ನನ್ ಕಷ್ಟನೂ ಒಸಿ ಕೇಳಿ. ಮನೆ ತಕ್ಕಳಕೆ ಬರೋರು ಮೊದ್ಲು ಕೇಳದೇ ಕಾರ್ ಎಲ್ ನಿಲ್ಸದು, ಗೇಟ್ ಎಲ್ಲದೆ ಅಂತ. ಅಂಗಳದ್ ಮಧ್ಯಕ್ ಊರಿನ್ ದಾರಿ ಅಂತ ಪತ್ರದಲ್ ಬರ್ದ್ರೆ ಒಬ್ರೂ ಇತ್ಲಾಗ್ ತಲೆ ಆಕಕಿಲ್ಲ. ನಾನೂ ಗದ್ದೆ ಮಾರಿ ಈ ಕೆಲ್ಸಕ್ ಇಳ್ದಿವ್ನಿ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಇಂಜಿನಿಯರಮ್ಮ ಹೇಳಿದ್ದರಲ್ಲೂ ಇರಲಿಲ್ಲ. ಎದ್ದು ಬರುವಾಗ ಇಂಜಿನಿಯರಮ್ಮ ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, "ನಿಮ್ಮ ತಕರಾರು ಇರೋ ತನಕ ನಾನು ದಾರಿಗೆ ಪತ್ರ ಆಗಲೇಬೇಕು ಅಂತ ಹಟ ಹಿಡಿಯಬಹುದು. ನೀವು ವಾಪಸ್ ತಗೊಂಡ್ರೆ ನನ್ನ ಕೈಲಿ ಏನೂ ಇರೋಲ್ಲ" ಅಂದರು.

ಮುಂದಿನ ಸೋಮವಾರ ಬೆಳಿಗ್ಗೆ ನಾನು ಪೂಜೆ ಮುಗಿಸಿ ಮಾದಪ್ಪನ ಪಟದ ಮುಂದೆ ಧೂಪ ಹಾಕುತ್ತಿದ್ದಾಗ ಶಿವಮಲ್ಲಪ್ಪಣ್ಣ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಬಂದರು. ಪುಟ್ಟತಾಯಿ ಜಗಲಿಯಲ್ಲಿ ಹೂ ಕಟ್ಟುತ್ತಿದ್ದವಳು ಬಾಗಿಲಿನ ಹತ್ತಿರಕ್ಕೆ ಜರುಗಿದಳು.

"ತಂಗೀ, ನೀನು ನಮ್ಮೂರ ಮಗ್ಳು. ನಿನ್ ಅರ್ಜಿ ಮ್ಯಾಲೆ ನನ್ ಕೆಲ್ಸ ನಿಂತದೆ. ದಾರಿ ಬುಡ್ತೀನಿ, ಬರಿಯಕಿಲ್ಲ. ನಂಬ್ತೀಯಾ?"

ನಾನು ಉತ್ತರ ಕೊಡುವ ಮೊದಲೇ ಅವರು ಪಟದ ಮುಂದಿನ ತಟ್ಟೆಯಿಂದ ವಿಭೂತಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. "ಮಾದಪ್ಪನಾಣೆ. ಈ ತಾಯಿ ನಡಿಯೋ ದಾರಿಗ್ ನಾನು ಬಾಗ್ಲ ಆಕಕಿಲ್ಲ." ಆ ವಿಭೂತಿಯನ್ನೇ ಹಣೆಗೆ ಇಟ್ಟುಕೊಂಡರು.

ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚಿಗೆ ಹೇಳಬೇಕಿಲ್ಲ. ಎಪ್ಪತ್ತೇಳು ಮಲೆಯ ದೊರೆಯನ್ನು ಮುಟ್ಟಿ ಆಡಿದ ಮಾತಿಗೆ ಮೇಲೊಂದು ಪತ್ರ ಕೇಳಿದರೆ ಅದು ಮಾದಪ್ಪನನ್ನೇ ನಂಬದ ಹಾಗೆ. ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಅಂದುಬಿಟ್ಟೆ.

ಬಾಗಿಲಿನ ಬಳಿಯಿಂದ ಪುಟ್ಟತಾಯಿ ಮೆಲ್ಲಗೆ, "ಅಕ್ಕ, ಆಣೆನೂ ಇರ್ಲಿ, ಒಂದ್ ಕಾಗ್ದದಲ್ಲೂ ಇರ್ಲಿ. ಮಾದಪ್ಪ ಏನೂ ಕ್ವಾಪ ಮಾಡ್ಕಳಕಿಲ್ಲ" ಅಂದಳು.

ನಾನು ಅವಳ ಕಡೆ ಕಣ್ಣು ಬಿಟ್ಟು ನೋಡಿದೆ. "ಸುಮ್ನಿರಮ್ಮಿ. ಯಾರ್ ಮುಂದೆ ಏನ್ ಮಾತಾಡ್ಬೇಕು ಅಂತ ಗೊತ್ತಾಗಕಿಲ್ವಾ?" ಅಂದೆ. ಅವಳು ತಲೆ ತಗ್ಗಿಸಿ ಮತ್ತೆ ಹೂವಿಗೆ ಕೈ ಹಾಕಿದಳು.

ಮರುದಿನ ಆಫೀಸಿಗೆ ಹೋಗಿ ತಕರಾರಿಲ್ಲ ಅಂತ ಸಹಿ ಹಾಕಿದೆ. ಇಂಜಿನಿಯರಮ್ಮ ಪೆನ್ನು ಕೊಡಲು ಹಿಂದೆ ಮುಂದೆ ನೋಡಿದರು. "ಅಮ್ಮಾ, ಆಣೆ ಮಾಡಿದವರಿಗೆ ಮಾತ್ರ ಆಣೆ. ಅವರ ನಂತರ ಯಾರು ಉಳಿಸ್ತಾರೆ?" ಅಂದರು. ನಾನು, "ನೀವು ಈ ಕಡೆಯವರಲ್ಲ ಅಂತ ಕಾಣುತ್ತೆ" ಅಂದೆ. ಎಂಥ ಜಂಬ ನನ್ನದು! ಆಯಮ್ಮ ಪಾಪ, ತಪ್ಪಾಯಿತೇನೋ ಅಂತ ತಾವೇ ಕೈ ಮುಗಿದರು.

ಶೆಡ್ಡು ಬಿತ್ತು. ಬೇಸಿಗೆಯೆಲ್ಲ ಬೀದಿಗೆ ಬೀದಿಯೇ ಧೂಳು. ಒಗೆದ ಬಟ್ಟೆ ಒಣಗಿಸುವ ಹಾಗಿರಲಿಲ್ಲ. ಯಜಮಾನರು ಹೊಲಿದ ರವಿಕೆಗಳನ್ನೆಲ್ಲ ಪಂಚೆಯಲ್ಲಿ ಮುಚ್ಚಿ ಇಡುತ್ತಿದ್ದರು. ಆದರೆ ದಾರಿ ನಿಲ್ಲಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಆ ಮನುಷ್ಯ ಬದುಕಿರುವವರೆಗೆ ಒಂದು ದಿನವೂ ದಾರಿ ನಿಲ್ಲಲಿಲ್ಲ. ಮಳೆ ಹಿಡಿದು ಕಟ್ಟಡದ ಸುತ್ತ ಕೆಸರಾದಾಗ ಹಲಗೆ ಹಾಕಿಸಿದರು. ಹಲಗೆ ಜಾರುತ್ತದೆ ಅಂತ ಪುಟ್ಟತಾಯಿ ಹೇಳಿದ್ದಕ್ಕೆ ಮೇಲೆ ಗೋಣಿಚೀಲ ಹೊಡೆಸಿದರು. ಬೆಳಿಗ್ಗೆ ಅವಳ ಕೋಲಿನ ಸದ್ದು ಕೇಳಿದರೆ ಮೇಲಿನಿಂದ ಕೂಗುತ್ತಿದ್ದರು: "ಲೇ, ಕಂಬಿ ಅತ್ಲಾಗ್ ತಗೀರ್ಲಾ! ನಮ್ ಊವಿನ್ ತಾಯಿ ಬತ್ತಾವ್ಳೆ ಕಾಣಕಿಲ್ವಾ?"

ಅವಳೂ ಬಿಡುತ್ತಿರಲಿಲ್ಲ. "ಏನ್ ಗೌಡ್ರೆ, ಅರಮನೆ ಕಟ್ಟುಸ್ತಾ ಇದ್ದರಿ, ಒಂದ್ ಮೊಳ ಊವ್ ತಕ್ಕಳಕ್ ಮೀನಾಮೇಸ ಎಣುಸ್ತೀರಿ!" ಅವರು ಹೂ ತೆಗೆದುಕೊಂಡು ಸಿಮೆಂಟು ಕಲೆಸುವ ಮಿಷನ್ನಿಗೆ ಕಟ್ಟುತ್ತಿದ್ದರು. ನಾನು ಜಗಲಿಯಲ್ಲಿ ನಿಂತು ನೋಡುತ್ತಾ, ಮಾದಪ್ಪ ನಡೆಸಿಕೊಟ್ಟ ಅಂದುಕೊಳ್ಳುತ್ತಿದ್ದೆ. ಆ ನಾಲ್ಕಾರು ತಿಂಗಳ ಸಂತೋಷವನ್ನೂ ನಾನು ಲೆಕ್ಕಕ್ಕೆ ಹಿಡಿಯಬೇಕು. ಸಿಕ್ಕಿದ್ದು ಸುಳ್ಳಲ್ಲವಲ್ಲ.

ಶ್ರಾವಣದ ಕೊನೆಯ ಸೋಮವಾರ ಮುಗಿದು ಮೂರನೇ ದಿನ ಶಿವಮಲ್ಲಪ್ಪಣ್ಣ ಹೊನ್ನೂರಿನ ಮನೆಯಲ್ಲಿ ಊಟಕ್ಕೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಯಳಂದೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು. ನಾವಿಬ್ಬರೂ ಮಣ್ಣಿಗೆ ಹೋದೆವು. ಪುಟ್ಟತಾಯಿ ತಾನೇ ಕಟ್ಟಿದ ಹಾರವನ್ನು ಮಡಿಲಲ್ಲಿ ಇಟ್ಟುಕೊಂಡು ಆಟೋದಲ್ಲಿ ಕೂತಿದ್ದಳು. ಇನ್ನು ಸಂದಿ ಉಳಿಯುವುದಿಲ್ಲ ಅಂತ ಅವಳಿಗೆ ಆಗಲೇ ಗೊತ್ತಾಗಿತ್ತು. ನನಗೆ ಗೊತ್ತಾಗಲು ಇನ್ನೂ ಒಂದೂವರೆ ತಿಂಗಳು ಬೇಕಾಯಿತು.

ಕಟ್ಟಡ ಅವರ ಅಳಿಯನ ಕೈಗೆ ಹೋಯಿತು. ಕೆಲಸ ಪೂರ್ತಿ ಮುಗಿಯುವ ಮೊದಲೇ ಮನೆ ಕೊಂಡವರು ಒಬ್ಬೊಬ್ಬರಾಗಿ ಬಂದರು. ಟೀಚರು, ಬ್ಯಾಂಕಿನವರು, ನರ್ಸು, ಎಲ್ಲ ನಮ್ಮಂಥವರೇ. ಆಯುಧಪೂಜೆಯ ವಾರ ಅಂಗಳದಲ್ಲಿ ನಿಲ್ಲಿಸಿದ್ದ ಸ್ಕೂಟರ್ ಒಂದು ಕಳುವಾಯಿತು. ಮಾರನೆಯ ದಿನವೇ ಎರಡೂ ಕಡೆ ಗೇಟು ಬಂತು, ಗೇಟಿಗೆ ಬೀಗ ಬಂತು. ಆಚೆ ತುದಿಯ ಚಪ್ಪಡಿ ಇದ್ದಲ್ಲೇ ಇತ್ತು. ಈಚೆಯಿಂದ ಅಲ್ಲಿಗೆ ಹೋಗುವ ದಾರಿ ಮಾತ್ರ ಇರಲಿಲ್ಲ.

ಅಳಿಯನ ಹತ್ತಿರ ಓಡಿದೆ. "ಮಾವ ಆಣೆ ಮಾಡಿದ್ದು ನನ್ಗೆ ಗೊತ್ತಿಲ್ಲ ಅತ್ತೆ. ಪತ್ರದಲ್ಲಿ ಇಲ್ಲ. ಈಗ ಅದು ಮನೆ ತಗೊಂಡವರ ಜಾಗ, ಅವರನ್ನೇ ಕೇಳಿ" ಅಂದ. ಕೇಳಿದೆ. ಅವರ ಪರವಾಗಿ ಟೀಚರಮ್ಮ ಮಾತಾಡಿದರು, ಕಾಫಿ ಕೊಟ್ಟು ಮರ್ಯಾದೆಯಿಂದಲೇ ಮಾತಾಡಿದರು. "ಒಬ್ಬರಿಗೆ ತೆಗೆದರೆ ಎಲ್ಲರಿಗೂ ತೆಗೀಬೇಕಾಗುತ್ತೆ ಆಂಟಿ. ಮಕ್ಕಳು ಆಡ್ತಿರ್ತಾರೆ. ನೀವೇ ನಮ್ಮ ಜಾಗದಲ್ಲಿ ಇದ್ದಿದ್ರೆ?" ಅವರ ಜಾಗದಲ್ಲಿ ನಿಂತು ಯೋಚಿಸಿದೆ. ಅವರ ಮಾತೂ ತಪ್ಪಲ್ಲ ಅನ್ನಿಸಿ ಇನ್ನಷ್ಟು ಸಂಕಟವಾಯಿತು.

ಕೊನೆಗೆ ಆಫೀಸಿಗೆ ಹೋದೆ. ಇಂಜಿನಿಯರಮ್ಮನಿಗೆ ವರ್ಗವಾಗಿತ್ತು. ಹೊಸಬರು ಫೈಲು ತರಿಸಿ, ಹಾಳೆ ಮಗುಚಿ, ಒಂದು ಕಡೆ ಬೆರಳಿಟ್ಟರು.

"ತಕರಾರಿಲ್ಲ ಅಂತ ಬರೆದಿದೆ. ಇದು ಯಾರ ಸಹಿ?"

"ನಂದೇ ಸಾ" ಅಂದೆ.

ದೀಪಾವಳಿಗೆ ಬೆಟ್ಟಕ್ಕೆ ಹೊರಟ ಪರಸೆಯವರು ಎಂದಿನಂತೆ ನಮ್ಮ ಬೀದಿಗೆ ಬಂದು, ಗೇಟು ನೋಡಿ, ಉಘೇ ಮಾದಪ್ಪ ಅಂದುಕೊಂಡು ಹಿಂದೆ ತಿರುಗಿದರು. ಅವರು ಹೋದ ಮೇಲೆ ಬೀದಿ ಬರಿದಾಗಿ ಕಂಡಿತು. ಅಂದಿನಿಂದ ಅದು ತುಂಬಿಯೇ ಇಲ್ಲ. ಹಾಯುವ ಜನ ಇಲ್ಲದ ಮೇಲೆ ಗಿರಣಿಯವರು ಮಧ್ಯಾಹ್ನವೇ ಬಾಗಿಲು ಎಳೆಯುತ್ತಾರೆ. ಯಜಮಾನರ ಮಿಷನ್ನು ಕೆಲವು ದಿನ ಒಂದು ಗಂಟೆಯೂ ಸದ್ದು ಮಾಡುವುದಿಲ್ಲ.

ಪುಟ್ಟತಾಯಿ ದೊಡ್ಡ ರಸ್ತೆಯಲ್ಲಿ ಸುತ್ತಿ ಹೋಗಲು ಶುರು ಮಾಡಿದಳು. ಆಟೋದವರು ಇಷ್ಟು ಹತ್ತಿರಕ್ಕೆ ಬರುವುದಿಲ್ಲ ಅಂದರು. ಬುಟ್ಟಿಯನ್ನು ನಾನು ಹೊತ್ತೆ, ಒಂದು ವಾರ, ಹತ್ತು ದಿನ. ಲಾರಿ ಹಾರನ್ ಹೊಡೆದಾಗಲೆಲ್ಲ ಅವಳು ಕೋಲು ಊರಿ ನಿಂತುಬಿಡುವಳು. ಹಿಂದಿನವರು ಬೈಯುವರು. ಒಂದು ಬೆಳಿಗ್ಗೆ ನನಗೆ ಜ್ವರ. ಒಬ್ಬಳೇ ಹೋದಳು. ಚರಂಡಿಯ ಒಡಕು ಕಲ್ಲಿನಲ್ಲಿ ಕೋಲು ಸಿಕ್ಕಿ, ಬುಟ್ಟಿ ಸಮೇತ ಬಿದ್ದಳು. ಯಾರೋ ಎತ್ತಿ ತಂದು ಜಗಲಿಯ ಮೇಲೆ ಕೂರಿಸಿದರು. ರಸ್ತೆಯ ಕಡೆಗೆ ಬೀಳದೆ ಚರಂಡಿಯ ಕಡೆಗೆ ಬಿದ್ದಳಲ್ಲ, ಅದು ಮಾದಪ್ಪನ ದಯೆ. ಆದರೆ ಇದ್ದ ಒಂದು ಒಳ್ಳೆಯ ಕಾಲಿನ ಕಡೆಯ ಸೊಂಟಕ್ಕೇ ಪೆಟ್ಟಾಗಿತ್ತು.

ಕಾರ್ತಿಕ ಮಾಸದಲ್ಲಿ ಅವಳ ತಂಗಿ ಬಂದು ಹೂಗ್ಯಂಗೆ ಕರೆದುಕೊಂಡು ಹೋದಳು. ಹೊರಡುವಾಗ ನಾನು ಅವಳ ಕೈ ಹಿಡಿದುಕೊಂಡು ಕಾದೆ. ಒಂದು ಮಾತು ಅನ್ನಲಿ ಅಂತ ಕಾದೆ. "ಅವತ್ತು ನಾನು ಹೇಳಿದ್ದೆ, ನೀನು ಸುಮ್ಮನಿರು ಅಂದೆ" ಅಂತ ಅನ್ನಲಿ. ಅವಳು ಅಂದದ್ದು ಇಷ್ಟೇ: "ಜ್ವರ ಬಿಟ್ಟದ್ ಮ್ಯಾಲೂ ಒಸಿ ದಿನ ತಣ್ಣೀರ್ ಮುಟ್ಬ್ಯಾಡ ಕನಕ್ಕ."

ಆಷಾಢದಲ್ಲಿ ನೋಡಲು ಹೋದೆ. ಹನೂರಿನಲ್ಲಿ ಬಸ್ಸು ಬದಲಿಸಿ, ಕಾಡಂಚಿನ ಆ ಊರಿಗೆ ಮುಟ್ಟುವಾಗ ಮಧ್ಯಾಹ್ನ. ಜಡಿಮಳೆ. ನಾನು ನೋಡಿ ಬಂದು ಹತ್ತೊಂಬತ್ತು ದಿನಕ್ಕೆ ಅವಳು ಹೋಗಿಬಿಟ್ಟಳು. ಹಾಗಾಗಿ ಅದೇ ಕೊನೆಯ ಭೇಟಿ. ಒಳಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಮೈ ಅರ್ಧವಾಗಿತ್ತು. ತಲೆದೆಸೆಯಲ್ಲಿ ಬಾಳೆನಾರು, ಮೊರದಲ್ಲಿ ಹಿತ್ತಲಿನ ಕಾಕಡ. ಮಲಗಿಕೊಂಡೇ ಕಟ್ಟುತ್ತಿದ್ದಳು.

"ಯಾರ್ಗ್ ಕಟ್ತಾ ಇದ್ದಯೆ?" ಅಂದೆ.

"ಯಾರ್ಗೂ ಇಲ್ಲ. ಕೈ ಸುಮ್ನಿರ್ಬೇಕಲ್ಲ" ಅಂದಳು. ಆಮೇಲೆ ಬೀದಿಯವರನ್ನೆಲ್ಲ ಒಬ್ಬೊಬ್ಬರನ್ನೇ ವಿಚಾರಿಸಿದಳು. ಕೊನೆಗೆ ಸೂರಿನ ಕಡೆ ನೋಡುತ್ತಾ ಕೇಳಿದಳು: "ಗೇಟ್ ತಗುದ್ರಾ ಅಕ್ಕ?"

ನಾನು ಈ ಬಾಯಿಂದ ಮಾದಪ್ಪನ ಹೆಸರು ಬಿಟ್ಟು ಬೇರೆ ಜಪ ಮಾಡಿದವಳಲ್ಲ. ಅದೇ ಬಾಯಲ್ಲಿ, "ತಗುದ್ರು ಕಣಮ್ಮಿ. ವಾರ ಆಯ್ತು" ಅಂದೆ.

ಅವಳ ಮುಖ ಅರಳಿದ್ದನ್ನು ಹೇಗೆ ಬರೆಯಲಿ. "ನಿಜ್ವಾ? ಅವ್ರೇ ತಗುದ್ರಾ?"

"ಅವ್ರೇ. ಟೀಚರಮ್ಮನೇ ಕೀ ತಕಂಡ್ ಬಂದು ತಗುದ್ರು."

"ನೋಡ್ದಾ? ನಾವೇ ಅವ್ರ್ನ ತಪ್ ತಿಳ್ಕಂಡಿದ್ದೋ. ಒಳ್ಳೆ ಜನ." ಬೆರಳು ಬೇಗಬೇಗ ಓಡತೊಡಗಿತು. ನಾರಿನ ತುದಿ ಗಂಟು ಹಾಕಿ, ಕಟ್ಟಿದ್ದಷ್ಟನ್ನೂ ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗೆ ಇಟ್ಟಳು. "ಆ ಟೀಚರಮ್ಮಂಗೆ ಕೊಡು. ನಾನ್ ಕೊಟ್ಟೆ ಅಂತ ಏಳು. ಬಾಡಕ್ ಬುಡ್ಬ್ಯಾಡ, ಸಂಜೆ ಒಳ್ಗೇ ಮುಟ್ಟುಸ್ಬುಡು."

ಹನೂರಿನಿಂದ ಕೊಳ್ಳೇಗಾಲದವರೆಗೂ ಆ ಎಲೆಯ ಸುರುಳಿ ನನ್ನ ಮಡಿಲಲ್ಲಿತ್ತು. ಬಸ್ಸು ಇಳಿದವಳು ಮನೆಗೆ ಹೋಗಲಿಲ್ಲ, ಗೇಟಿನ ಮುಂದೆ ಹೋಗಿ ನಿಂತೆ. ಕೂಗಿದೆ. ಟೀಚರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಂಗಳಕ್ಕೆ ಬಂದರು. "ಏನು ಆಂಟಿ, ಈ ಮಳೇಲಿ?"

ಎಲೆ ಬಿಚ್ಚಿ ಹೂ ಚಾಚಿದೆ. ಅವರು ಕೀ ತರಲು ಹೋಗಲಿಲ್ಲ. ಅಷ್ಟಕ್ಕೆ ಯಾಕೆ ಅಂತಲೇನೋ, ಗೇಟಿನ ಕಂಬಿಗಳ ನಡುವೆ ಕೈ ತೂರಿಸಿ ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಂಡು ಅಲ್ಲೇ ಮುಡಿದರು.

"ಎಷ್ಟು ಒತ್ತಾಗಿ ಕಟ್ಟಿದ್ದಾರೆ! ಯಾರು ಕೊಟ್ಟಿದ್ದು ಆಂಟಿ?"

"ನಮ್ಮ ಬೀದಿಯವಳು" ಅಂದೆ. "ನಿಮಗೆ ಒಳ್ಳೇದಾಗಲಿ ಅಂತ ಹೇಳಿ ಕಳಿಸಿದಳು."